ಆಪ್ತಸಮಾಲೋಚನೆ ಯಾವ ದಿನ ಶುರುವಾಗಬೇಕು? – ಇಂಟರ್ನ್‌ಶಿಪ್‌ನ ಒಂದು ಪ್ರಕರಣ

ಈ ಲೇಖನ ಹುಟ್ಟಿದ್ದು ನಾನು ಸಲ್ಲಿಸಿದ ವ್ಯಕ್ತಿ ಅಧ್ಯಯನ ವರದಿಯಿಂದ. ವರದಿಯ ನಮೂನೆಯಲ್ಲಿ ವಿದ್ಯಾರ್ಥಿಯ ಹಿನ್ನೆಲೆ, ಸಮಸ್ಯೆಯ ಸ್ವರೂಪ, ಮಾಹಿತಿ ಸಂಗ್ರಹಣೆ, ಆಪ್ತಸಮಾಲೋಚನೆ, ಅನುಸರಣೆ ಎಂಬ ಕಾಲಂಗಳಿದ್ದವು. ಎಲ್ಲವನ್ನೂ ತುಂಬಿದೆ, ಅಂಕವೂ ಬಂತು. 'ಯಾವ ದಿನ ಶುರು ಮಾಡಿದಿರಿ, ಆ ದಿನವೇ ಯಾಕೆ?' ಎಂಬ ಕಾಲಂ ಮಾತ್ರ ಅದರಲ್ಲಿ ಇರಲಿಲ್ಲ. ನನ್ನನ್ನು ಅತಿ ಹೆಚ್ಚು ಕಾಡಿದ್ದು ಅದೇ ಪ್ರಶ್ನೆ. ಒಮ್ಮೆ ಬೇಗ ಶುರು ಮಾಡಲು ಹೊರಟು ತಪ್ಪು ಮಾಡುತ್ತಿದ್ದೆ. ಇನ್ನೊಮ್ಮೆ ತಡ ಮಾಡಿ ನಿಜವಾಗಿಯೂ ತಪ್ಪು ಮಾಡಿದೆ. ಇಬ್ಬರೂ ಒಬ್ಬನೇ ಹುಡುಗ.

ಹುಡುಗನ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವನನ್ನು ಇಲ್ಲಿ 'ರವಿ' ಎನ್ನುತ್ತೇನೆ, ಅದು ಅವನ ಹೆಸರಲ್ಲ. ಬರೆಯುವ ಮುಂಚೆ ಮುಖ್ಯೋಪಾಧ್ಯಾಯಿನಿಯವರ ಮತ್ತು ಹುಡುಗನ ತಾಯಿಯ ಒಪ್ಪಿಗೆ ಕೇಳಿದ್ದೇನೆ.

ಎರಡು ಸೆಕೆಂಡಿನ ಪಾಠ

ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. ಶಾಲೆಯ ಮೂರು ಕಡೆಯೂ ತೋಟ. ಪಾಠ ಮಾಡುತ್ತಿದ್ದರೆ ಎಲ್ಲೋ ಕಾಯಿ ಬಿದ್ದ ಸದ್ದು ಕೇಳುತ್ತದೆ. ಸ್ಥಳೀಯ ಪರಿಸರದಿಂದಲೇ ಉದಾಹರಣೆ ಕೊಡಬೇಕೆಂದು ನಮಗೆ ಮೊದಲ ಸೆಮಿಸ್ಟರಿನಿಂದಲೂ ಹೇಳಿಕೊಟ್ಟಿದ್ದಾರೆ. ಹಾಗಾಗಿ ಒಂಬತ್ತನೇ ತರಗತಿಯ 'ಗುರುತ್ವ' ಘಟಕದಲ್ಲಿ ಮುಕ್ತ ಪತನಕ್ಕೆ ಬಂದಾಗ ನಾನು ಪಠ್ಯಪುಸ್ತಕದ ಉದಾಹರಣೆ ಬಿಟ್ಟು ತೆಂಗಿನ ಮರವನ್ನೇ ಬೋರ್ಡಿನ ಮೇಲೆ ಬರೆದೆ. ಮರದ ಎತ್ತರ 20 ಮೀಟರ್, ಗುರುತ್ವ ವೇಗೋತ್ಕರ್ಷ ಲೆಕ್ಕಕ್ಕೆ ಸುಲಭವಾಗಲಿ ಎಂದು 10. ಕಾಯಿ ನೆಲ ಮುಟ್ಟಲು ಎಷ್ಟು ಹೊತ್ತು? ಮಕ್ಕಳು ಲೆಕ್ಕ ಹಾಕಿದರು. ಎರಡು ಸೆಕೆಂಡು. ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 20 ಮೀಟರ್. 'ಗಂಟೆಗೆ 72 ಕಿಲೋಮೀಟರ್, ಬಸ್ಸಿಗಿಂತ ಜೋರು!' ಎಂದೆ. ತರಗತಿ ನಕ್ಕಿತು.

ಮೂರನೇ ಬೆಂಚಿನಿಂದ ರವಿ ಕೈ ಎತ್ತಿದ. ಅಲ್ಲಿಯವರೆಗೆ ಅವನು ನನ್ನ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ.

'ಮಿಸ್, ಕಾಯಿ ಅಲ್ದೆ ಮನುಷ್ಯ ಬಿದ್ರೂ ಎರಡೇ ಸೆಕೆಂಡಾ?'

ನನಗೆ ಖುಷಿಯಾಯಿತು. ಪಾಠಯೋಜನೆಯಲ್ಲಿ 'ಪತನದ ಕಾಲ ರಾಶಿಯನ್ನು ಅವಲಂಬಿಸುವುದಿಲ್ಲ' ಎಂಬ ಅಂಶಕ್ಕೆ ನಾನೇ ಕೇಳಬೇಕೆಂದು ಬರೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ವಿದ್ಯಾರ್ಥಿಯೇ ಕೇಳಿದ್ದ. 'ತುಂಬಾ ಒಳ್ಳೆಯ ಪ್ರಶ್ನೆ! ಎಲ್ಲರೂ ಚಪ್ಪಾಳೆ ತಟ್ಟಿ' ಎಂದೆ. ತಟ್ಟಿದರು, ಆದರೆ ಅರ್ಧಂಬರ್ಧ. ಗಾಳಿಯ ರೋಧವನ್ನು ಬಿಟ್ಟರೆ ಮನುಷ್ಯನಿಗೂ ಅಷ್ಟೇ ಹೊತ್ತು ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದೆ. ತಿರುಗಿ ನೋಡುವಷ್ಟರಲ್ಲಿ ರವಿ ತಲೆ ಬಗ್ಗಿಸಿ ಆ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದ. ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಹುಡುಗಿ ಬಂದು ಹೇಳಿದಳು: 'ಮಿಸ್, ಅವರಪ್ಪ ಮರದಿಂದ ಬಿದ್ದೇ ತೀರ್ಕೊಂಡಿದ್ದು. ಶಿವರಾತ್ರಿ ಆದ್ಮೇಲೆ.'

ಸಿಬ್ಬಂದಿ ಕೊಠಡಿಯ ಬೀರುವಿನಲ್ಲಿ ಎಲ್ಲ ಮಕ್ಕಳ ಸಂಚಿತ ದಾಖಲೆಗಳಿವೆ. ರವಿಯದರಲ್ಲಿ ಎಂಟನೇ ತರಗತಿಯ ತರಗತಿ ಶಿಕ್ಷಕರು ಆ ವಿಷಯವನ್ನು ಒಂದೂವರೆ ಸಾಲಿನಲ್ಲಿ ಬರೆದಿದ್ದರು. ಶಾಲೆಗೆ ಬಂದು ನಾಲ್ಕು ವಾರವಾಗಿತ್ತು, ನಾನು ಆ ಬೀರು ತೆಗೆದಿರಲಿಲ್ಲ. ಚಾರ್ಟು, ಮಾದರಿ, ಪಾಠಯೋಜನೆಯ ಪುಸ್ತಕಕ್ಕೆ ರಟ್ಟು ಹಾಕುವುದು, ಎಲ್ಲಕ್ಕೂ ಪುರುಸೊತ್ತಿತ್ತು. ಬೀರು ತೆಗೆಯಲು ಮಾತ್ರ ಇರಲಿಲ್ಲ.

ಅವತ್ತೇ ಶುರು ಮಾಡಲು ಹೊರಟದ್ದು

ಅವತ್ತು ಸಂಜೆಯೇ ರವಿಯನ್ನು ಕೂರಿಸಿಕೊಂಡು ಮಾತನಾಡಬೇಕೆಂದು ನಿರ್ಧರಿಸಿದೆ. ವ್ಯಕ್ತಿ ಅಧ್ಯಯನಕ್ಕೆ ವಿದ್ಯಾರ್ಥಿಯೂ ಸಿಕ್ಕಂತಾಯಿತು ಎಂಬ ಯೋಚನೆಯೂ ಒಂದು ಮೂಲೆಯಲ್ಲಿ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಅರ್ಥವಿಲ್ಲ. ನನ್ನ ಮಾರ್ಗದರ್ಶಕ ಶಿಕ್ಷಕರು 26 ವರ್ಷ ವಿಜ್ಞಾನ ಪಾಠ ಮಾಡಿದವರು, ಹೆಚ್ಚು ಮಾತನಾಡುವವರಲ್ಲ. ಅವರ ಅನುಮತಿ ಕೇಳಿದೆ.

'ಏನು ಮಾತಾಡ್ತೀರಮ್ಮ?' ಎಂದರು.

'ಕ್ಷಮೆ ಕೇಳ್ತೀನಿ ಸರ್. ಆಮೇಲೆ ಅವನ ಮನಸ್ಸಿನಲ್ಲಿ ಇರೋದನ್ನ ಹೇಳಿಕೊಳ್ಳೋಕೆ ಅವಕಾಶ ಕೊಡ್ತೀನಿ.'

'ಕ್ಷಮೆ ಕೇಳಿ. ಅರ್ಧ ನಿಮಿಷ ಸಾಕು. ಎರಡನೇದು ಬೇಡ. ಹಗುರ ಆಗಬೇಕಾಗಿರೋದು ಈಗ ನಿಮಗೆ, ಅವನಿಗಲ್ಲ. ಅದಕ್ಕೆ ಆಪ್ತಸಮಾಲೋಚನೆ ಅಂತ ಹೆಸರಿಡಬೇಡಿ.'

ಆಗ ಬೇಸರವಾಯಿತು. ರಾತ್ರಿ ಕೂತು ಯೋಚಿಸಿದಾಗ ಮಾತು ಸರಿ ಅನ್ನಿಸಿತು. ತಂದೆ ಸತ್ತ ಆರು ತಿಂಗಳಿಗೆ ಹದಿನಾಲ್ಕು ವರ್ಷದ ಹುಡುಗ ಮೌನವಾಗಿರುವುದು ದುಃಖ. ದುಃಖವೇ ಒಂದು ಸಮಸ್ಯೆಯಲ್ಲ. ಅವನು ಶಾಲೆಗೆ ಬರುತ್ತಿದ್ದ, ಬರೆಯುತ್ತಿದ್ದ, ಗೆಳೆಯರೊಡನೆ ಕಬಡ್ಡಿಗೆ ನಿಲ್ಲುತ್ತಿದ್ದ. ನಾಲ್ಕು ವಾರದ ಹಿಂದೆ ಬಂದ, ಇನ್ನು ಹನ್ನೆರಡು ವಾರಕ್ಕೆ ಹೋಗುವ ಒಬ್ಬ ಮಿಸ್, ತಾನೇ ಕೆರೆದ ಗಾಯವನ್ನು ತಾನೇ ಬಿಚ್ಚಿ ನೋಡುತ್ತೇನೆಂದರೆ ಅವನಿಗೆ ಏನು ಅನ್ನಿಸಬೇಕು?

ಮಾರನೆಯ ದಿನ ಪ್ರಯೋಗಾಲಯದ ಬಾಗಿಲಲ್ಲಿ ಅವನನ್ನು ನಿಲ್ಲಿಸಿ, 'ನಿನ್ನೆಯ ಉದಾಹರಣೆ ನಾನು ಕೊಡಬಾರದಿತ್ತು ಕಣೋ. ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು' ಎಂದೆ. 'ಪರವಾಗಿಲ್ಲ ಮಿಸ್' ಎಂದು ಹೋದ. ಅಷ್ಟೇ. ಆಮೇಲೆ ಅವನಿಗೆ ಲೋಲಕದ ಗುಂಡುಗಳನ್ನೂ ಸ್ಟಾಪ್‌ವಾಚುಗಳನ್ನೂ ಎಣಿಸಿ ಇಡುವ ಕೆಲಸ ಒಪ್ಪಿಸಿದೆ. ಅವನು ಬಂದು ಹೋಗಲು ಒಂದು ಕಾರಣ ಇರಲಿ ಎಂಬುದಷ್ಟೇ ಉದ್ದೇಶ.

ಪುಸ್ತಕ ಹೇಳುವುದು ಎಷ್ಟು, ಹೇಳದ್ದು ಎಷ್ಟು

ನಮ್ಮ ಪರೀಕ್ಷೆಯ ಉತ್ತರಗಳಲ್ಲಿ ಆಪ್ತಸಮಾಲೋಚನೆಯ ವಿಧಗಳು ಮೂರು: ನಿರ್ದೇಶಿತ, ಅನಿರ್ದೇಶಿತ, ಸಮನ್ವಯ. ಮೊದಲನೆಯದಕ್ಕೆ ವಿಲಿಯಮ್ಸನ್, ಎರಡನೆಯದಕ್ಕೆ ಕಾರ್ಲ್ ರೋಜರ್ಸ್, ಮೂರನೆಯದಕ್ಕೆ ಥಾರ್ನ್ ಎಂದು ಬರೆದು ಗುಣ-ದೋಷ ಪಟ್ಟಿ ಮಾಡಿದರೆ ಮುಗಿಯಿತು. 'ಯಾವಾಗ' ಎಂಬ ಪ್ರಶ್ನೆ ಇಟ್ಟುಕೊಂಡು ಅದೇ ಪುಟಗಳನ್ನು ಮತ್ತೆ ತೆರೆದಾಗ ಬೇರೆಯೇ ಕಂಡಿತು.

ವಿಲಿಯಮ್ಸನ್ ಹೇಳುವ ಆರು ಹಂತಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ವಿಶ್ಲೇಷಣೆ, ಸಂಶ್ಲೇಷಣೆ, ನಿದಾನ, ಮುನ್ಸೂಚನೆ, ಆಪ್ತಸಮಾಲೋಚನೆ, ಅನುಸರಣೆ. ಇದರಲ್ಲಿ ಆಪ್ತಸಮಾಲೋಚನೆ ಐದನೆಯದು! ಅದಕ್ಕೆ ಮುಂಚಿನ ನಾಲ್ಕು ಹಂತಗಳಲ್ಲಿ ಕೆಲಸವೆಲ್ಲ ಮಾಹಿತಿ ಕೂಡಿಸುವುದು, ಹೊಂದಿಸುವುದು, ಕಾರಣ ಹುಡುಕುವುದು. ಅಂದರೆ ಅವರ ಲೆಕ್ಕದಲ್ಲಿ ಕೂತು ಮಾತಾಡುವ ಮೊದಲು ಬೀರು ತೆಗೆಯಬೇಕು.

ರೋಜರ್ಸ್ ಅವರದು ಇನ್ನೊಂದು ದಾರಿ. 1957ರ ಪ್ರಬಂಧವೊಂದರಲ್ಲಿ ಅವರು ವ್ಯಕ್ತಿಯಲ್ಲಿ ಬದಲಾವಣೆ ಆಗಬೇಕಾದರೆ ಇರಬೇಕಾದ ಆರು ಷರತ್ತುಗಳನ್ನು ಹೇಳಿದರು. ನಾವು ಬರೆಯುವುದು ಅದರಲ್ಲಿನ ಮೂರನ್ನು: ಪ್ರಾಮಾಣಿಕತೆ, ಷರತ್ತಿಲ್ಲದ ಸ್ವೀಕಾರ, ಪರಾನುಭೂತಿ. ಇವು ಮೂರೂ ಸಮಾಲೋಚಕರ ಗುಣಗಳು, ನಮ್ಮ ಬಗ್ಗೆ ನಾವೇ ಒಳ್ಳೆಯ ಮಾತು ಬರೆದುಕೊಂಡಂತೆ. ಬಿಟ್ಟುಬಿಡುವ ಮೊದಲ ಎರಡು ಷರತ್ತುಗಳೇ 'ಯಾವಾಗ' ಎಂಬುದಕ್ಕೆ ಹತ್ತಿರ. ಒಂದು, ಇಬ್ಬರ ನಡುವೆ ಮಾನಸಿಕ ಸಂಪರ್ಕ ಇರಬೇಕು. ಎರಡು, ಎದುರಿನ ವ್ಯಕ್ತಿ ತನ್ನೊಳಗಿನ ತಾಳಮೇಳವಿಲ್ಲದ ಸ್ಥಿತಿಯಿಂದ ಆತಂಕದಲ್ಲಿರಬೇಕು. ಪಾಠದ ಮಾರನೆಯ ದಿನ ಮೊದಲನೆಯದು ಇರಲಿಲ್ಲ. ಎರಡನೆಯದು ಇತ್ತೋ ಇಲ್ಲವೋ ನೋಡುವ ತಾಳ್ಮೆ ನನ್ನಲ್ಲಿರಲಿಲ್ಲ.

ಇಲ್ಲಿ ಇನ್ನೊಂದು ಮಗುವಿನ ವಿಷಯ ಚಿಕ್ಕದಾಗಿ ಹೇಳಬೇಕು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಬೋರ್ಡಿನಿಂದ ಬರೆದುಕೊಳ್ಳುತ್ತಲೇ ಇರಲಿಲ್ಲ, ಪಕ್ಕದವಳೊಡನೆ ಸದಾ ಗುಸುಗುಸು. 'ವರ್ತನಾ ಸಮಸ್ಯೆ' ಎಂದು ನನ್ನ ಸಹಪಾಠಿ ಅವಳನ್ನು ತನ್ನ ವ್ಯಕ್ತಿ ಅಧ್ಯಯನಕ್ಕೆ ಆರಿಸಿಕೊಂಡು ಎರಡು ಸಲ ಬುದ್ಧಿ ಹೇಳಿಯೂ ಆಗಿತ್ತು. ಮೂರನೇ ವಾರ ಆರೋಗ್ಯ ತಪಾಸಣೆಯ ತಂಡ ಶಾಲೆಗೆ ಬಂದಾಗ ಗೊತ್ತಾಯಿತು, ಹುಡುಗಿಗೆ ದೂರದ್ದು ಕಾಣುವುದಿಲ್ಲ. ಬೋರ್ಡಿನಲ್ಲಿ ಏನಿದೆ ಎಂದು ಪಕ್ಕದವಳನ್ನು ಕೇಳುತ್ತಿದ್ದಳು. ಕನ್ನಡಕ ಬಂತು, 'ವರ್ತನಾ ಸಮಸ್ಯೆ' ಹೋಯಿತು. ಕಣ್ಣು, ಕಿವಿ, ರಕ್ತಹೀನತೆ, ಹಸಿವು, ನಿದ್ದೆ, ಮನೆಯ ಕೆಲಸ ಇವನ್ನು ನೋಡದೆ ಮನಸ್ಸಿಗೆ ಕೈ ಹಾಕಬಾರದೆಂದು ನಾವಿಬ್ಬರೂ ಅಂದು ಕಲಿತೆವು.

ಬರೆದಿಡುವುದನ್ನು ಕಲಿತದ್ದು

ನೋಡುವುದೆಂದರೆ ಹೇಗೆ ನೋಡುವುದು? ಘಟನಾ ದಾಖಲೆಯ ನನ್ನ ಮೊದಲ ನಮೂದು ಹೀಗಿತ್ತು: 'ರವಿ ಖಿನ್ನನಾಗಿದ್ದಾನೆ. ಯಾವುದರಲ್ಲೂ ಆಸಕ್ತಿಯಿಲ್ಲ.' ಸರ್ ಕೆಂಪು ಪೆನ್ನಿನಲ್ಲಿ ಎರಡೂ ವಾಕ್ಯ ಹೊಡೆದು, 'ಏನು ನೋಡಿದಿರಿ?' ಎಂದು ಪಕ್ಕದಲ್ಲಿ ಬರೆದರು. ಮುಂದಿನ ನಮೂದುಗಳು ಬದಲಾದವು. ಎರಡು-ಮೂರನ್ನು ಇಲ್ಲಿ ಕೊಡುತ್ತೇನೆ.

ಐದನೇ ವಾರ, ಗುರುವಾರ: ಲೋಲಕದ ಗುಂಡುಗಳನ್ನು ಗಾತ್ರದ ಪ್ರಕಾರ ಜೋಡಿಸಿದ. ಕೇಳದೆಯೇ ದಾರಗಳನ್ನು ಬದಲಿಸಿದ. ಎಂಟು ನಿಮಿಷ ಇದ್ದ, ಮಾತಾಡಲಿಲ್ಲ.

ಏಳನೇ ವಾರ, ಸೋಮವಾರ: ಮೂರನೇ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ. ಎಬ್ಬಿಸಿದಾಗ ಬೆಚ್ಚಿ ಎದ್ದು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಏಳನೇ ವಾರ, ಬುಧವಾರ: ಬಿಸಿಯೂಟದ ಸಾಲಿನಲ್ಲಿ ನಿಂತು ಅನ್ನ-ಸಾರು ಹಾಕಿಸಿಕೊಂಡ. ಎರಡು ತುತ್ತು ತಿಂದು ಉಳಿದದ್ದನ್ನು ಪಕ್ಕದವನ ತಟ್ಟೆಗೆ ಸುರಿದ. ಕಳೆದ ವಾರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದವನು.

ಹೀಗೆ ಬರೆಯುವುದರ ಉಪಯೋಗ ಕೊನೆಯ ವಾಕ್ಯದಲ್ಲಿದೆ. ಒಂದು ಮಗು ಕಡಿಮೆ ಮಾತಾಡುತ್ತದೆ ಎಂಬುದರಿಂದ ಏನೂ ತಿಳಿಯದು. ನಾನೇ ಕಡಿಮೆ ಮಾತಿನವಳು. ಮಗು ಹಿಂದೆ ಹೇಗಿತ್ತೋ ಅದಕ್ಕೆ ಹೋಲಿಸಿದರೆ ಈಗ ಹೇಗಿದೆ, ಆ ಬದಲಾವಣೆ ಎಷ್ಟು ದಿನದಿಂದ ಇದೆ, ಅದು ಊಟ, ನಿದ್ದೆ, ಕಲಿಕೆ, ಗೆಳೆತನ ಇವುಗಳಲ್ಲಿ ಎಷ್ಟನ್ನು ಮುಟ್ಟಿದೆ ಎಂಬುದೇ ಲೆಕ್ಕ. ಏಳನೇ ವಾರದ ಹೊತ್ತಿಗೆ ರವಿಯಲ್ಲಿ ಮೂರು ಕೆಟ್ಟಿದ್ದವು: ನಿದ್ದೆ, ಊಟ, ಪಾಠ. ಕಬಡ್ಡಿಯೂ ನಿಂತಿತ್ತು. ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಆ ಸೀಮೆಯಲ್ಲಿ ಅವತ್ತು ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ. ರವಿಯ ಮನೆಯಲ್ಲಿ ಈ ಸಲ ಮೊದಲ ಬಾರಿಗೆ ಅಪ್ಪನ ಫೋಟೋದ ಮುಂದೆ ಎಡೆ ಇಡಬೇಕಾಗಿತ್ತು. ಅದು ನನಗೆ ಹೊಳೆಯಲಿಲ್ಲ. ಅಡುಗೆ ಸಿಬ್ಬಂದಿಯ ಅಮ್ಮನಿಗೆ ಹೊಳೆದಿತ್ತು, ಅವರೇ ಹೇಳಿದ್ದು.

'ನಾಳೆ ಬಾ' ಎಂದದ್ದು

ಇಷ್ಟು ಗೊತ್ತಿದ್ದೂ ನಾನು ಶುರು ಮಾಡಲಿಲ್ಲ. ಹತ್ತು ನಮೂದುಗಳಾಗಲಿ, ದಸರಾ ರಜೆ ಮುಗಿಸಿಕೊಂಡು ಬಂದು ನೆಮ್ಮದಿಯಾಗಿ ಶುರು ಮಾಡೋಣ ಎಂದುಕೊಂಡಿದ್ದೆ. ಮೊದಲ ಸಲ ಅವಸರ ಮಾಡಿ ಹೇಳಿಸಿಕೊಂಡಿದ್ದರಿಂದ ಈಗ ವಿಪರೀತ ಎಚ್ಚರಿಕೆ. ನಿದಾನದ ಹಂತದಲ್ಲಿ ನಿಧಾನ ಬೇಕು ಎಂದು ಸರ್ ತಮಾಷೆ ಮಾಡಿದ್ದರು. ನಾನು ನಿಧಾನವನ್ನೇ ವಿಧಾನ ಮಾಡಿಕೊಂಡಿದ್ದೆ.

ಎಂಟನೇ ವಾರದ ಸೋಮವಾರ ಶಾಲೆ ಬಿಟ್ಟ ಮೇಲೆ ರವಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತ. ಅವತ್ತು ಅವನಿಗೆ ಎಣಿಸುವ ಕೆಲಸ ಇರಲಿಲ್ಲ. ಬುಧವಾರ ನನ್ನ ವಿಮರ್ಶಾ ಪಾಠ, ಕಾಲೇಜಿನಿಂದ ಮೇಲ್ವಿಚಾರಕರು ಬರುವವರಿದ್ದರು. ನಾನು ನೆಲದ ಮೇಲೆ ಚಾರ್ಟು ಹರಡಿಕೊಂಡು ಬಣ್ಣ ಹಚ್ಚುತ್ತಿದ್ದೆ. 'ಏನೋ?' ಎಂದೆ. 'ಏನಿಲ್ಲ ಮಿಸ್.' 'ನಾಳೆ ಬಾ, ಈಗ ಕೆಲಸ ಇದೆ.' ಎರಡು ಕ್ಷಣ ನಿಂತು ಹೋದ.

ಮಂಗಳವಾರ ಬೆಳಿಗ್ಗೆ ಅವನ ಕಂಪಾಸ್ ಬಾಕ್ಸ್ ಪಕ್ಕದ ಹುಡುಗನ ಕೈಯಲ್ಲಿತ್ತು. ಮುಚ್ಚಳದ ಒಳಗೆ ರವಿಯ ಹೆಸರು, ಅವನಪ್ಪ ಮೊಳೆಯಲ್ಲಿ ಕೆತ್ತಿಕೊಟ್ಟದ್ದು. 'ಅವನೇ ಕೊಟ್ಟ ಮಿಸ್, ನಂಗಿನ್ನು ಬೇಡ ಅಂದ.'

ಇಷ್ಟವಾದ ವಸ್ತುಗಳನ್ನು ಹಂಚಿಬಿಡುವುದು ಆತ್ಮಹತ್ಯೆಯ ಎಚ್ಚರಿಕೆಯ ಸೂಚನೆಗಳಲ್ಲಿ ಒಂದು ಎಂದು ನಾನೇ ಸೆಮಿನಾರಿನಲ್ಲಿ ಮಂಡಿಸಿದ್ದೆ. ಆದರೂ ಮೊದಲ ಕ್ಷಣದಲ್ಲಿ ನನ್ನ ಕೈ ಹೋದದ್ದು ಘಟನಾ ದಾಖಲೆಯ ಪುಸ್ತಕಕ್ಕೆ. ಒಂಬತ್ತನೇ ನಮೂದು. ದಿನಾಂಕ ಬರೆದು ನಿಲ್ಲಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಶುಕ್ರವಾರದಿಂದ ರಜೆ. ಅವನು ನಿನ್ನೆ ತಾನಾಗಿ ಬಾಗಿಲಿಗೆ ಬಂದಿದ್ದ, ರೋಜರ್ಸ್ ಅವರ ಮೊದಲ ಷರತ್ತು ತಾನೇ ನಡೆದು ಬಂದು ನಿಂತಿತ್ತು. ನಾನು ಬಣ್ಣ ಹಚ್ಚುತ್ತಿದ್ದೆ.

ಪುಸ್ತಕ ಮುಚ್ಚಿ ಸರ್ ಬಳಿ ಹೋದೆ. ಈ ಸಲ ಅವರು 'ಬೇಡ' ಅನ್ನಲಿಲ್ಲ. 'ಈಗಲೇ. ನಿಮ್ಮ ಪೀರಿಯಡ್ಡು ನಾನು ತಗೋತೀನಿ. ಬಾಗಿಲು ತೆಗೆದಿರಲಿ, ನಾನು ಪಕ್ಕದ ತರಗತಿಯಲ್ಲೇ ಇರ್ತೀನಿ' ಎಂದರು.

ಆ ನಲವತ್ತು ನಿಮಿಷ

ಪ್ರಯೋಗಾಲಯದಲ್ಲಿ ಎದುರುಬದುರು ಕೂರಲಿಲ್ಲ. ಗುಂಡುಗಳ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಪಕ್ಕಪಕ್ಕ ಕೂತೆವು. ಕೈಗೆ ಕೆಲಸವಿದ್ದರೆ ಕಣ್ಣಿಗೆ ಕಣ್ಣು ಕೊಡಬೇಕಾದ ಕಷ್ಟ ಇರುವುದಿಲ್ಲ. ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿದೆ: 'ನೀನು ಹೇಳಿದ್ದನ್ನ ನಾನು ಯಾರಿಗೂ ಹೇಳಲ್ಲ. ಆದ್ರೆ ನಿನಗಾಗಲಿ ಬೇರೆಯವರಿಗಾಗಲಿ ಅಪಾಯ ಇದೆ ಅನ್ನಿಸಿದ್ರೆ ಹೆಡ್‌ಮಿಸ್‌ಗೆ ಹೇಳಲೇಬೇಕಾಗುತ್ತೆ. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ.' ಗೌಪ್ಯತೆಯ ಮಿತಿಯನ್ನು ಕೊನೆಯಲ್ಲಿ ಹೇಳಿದರೆ ಅದು ಮೋಸ.

'ನಿನ್ನೆ ಬಂದಿದ್ದೆ. ನಾನು ಕಳಿಸಿಬಿಟ್ಟೆ. ಏನು ಹೇಳಬೇಕು ಅಂತಿದ್ದೆ?'

ಮೌನ. ನಾನೂ ಮೌನ. ಬೋಧನಾ ಕೌಶಲಗಳಲ್ಲಿ ಪ್ರಶ್ನೆ ಕೇಳಿ ಕಾಯುವ ಸಮಯ ಎಂದು ಮೂರು ಸೆಕೆಂಡು ಅಭ್ಯಾಸ ಮಾಡುತ್ತೇವಲ್ಲ, ಅವತ್ತು ಕಾದದ್ದು ಎಷ್ಟೋ ನಿಮಿಷ. ಕೊನೆಗೆ ನಾನೇ ಕೇಳಿದೆ. ಕೇಳಲು ಹೆದರಿಕೆಯಿತ್ತು. ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆಯೇ ಎಂಬ ಭಯ ನಮ್ಮೆಲ್ಲರಲ್ಲೂ ಇದೆ. ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಈ ಕ್ಷೇತ್ರದ ತಜ್ಞರು ಹೇಳುತ್ತಾರೆ. ಆ ಧೈರ್ಯದ ಮೇಲೆ ಕೇಳಿದೆ: 'ಕಂಪಾಸ್ ಬಾಕ್ಸ್ ಕೊಟ್ಟುಬಿಟ್ಟೆ ಅಂತ ಗೊತ್ತಾಯ್ತು. ಸತ್ತು ಹೋಗಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ?'

ಅವನು ಮೊದಲ ಬಾರಿಗೆ ನನ್ನ ಮುಖ ನೋಡಿದ. 'ಇಲ್ಲ ಮಿಸ್. ಅಮ್ಮ ಒಬ್ಳೇ ಆಗೋಗ್ತಾಳೆ.' ಸ್ವಲ್ಪ ಹೊತ್ತಾದ ಮೇಲೆ, 'ರಜೆ ಆದ್ಮೇಲೆ ಬರಲ್ಲ ಮಿಸ್. ಚಿಕ್ಕಪ್ಪನ ಜೊತೆ ಮರ ಹತ್ತೋಕೆ ಹೋಗ್ತೀನಿ. ಸಾಲ ಇದೆ.'

ಇಲ್ಲಿ ನಾನು ಎಡವಿದೆ. 'ಬೇಡ ಕಣೋ, ಓದು ಬಿಡಬೇಡ, ನೀನು ಚೆನ್ನಾಗಿ ಓದಿದ್ರೆ...' ಎಂದು ಭಾಷಣ ಶುರು ಮಾಡಿದೆ. 'ಸರಿ ಮಿಸ್' ಎಂದ. ಆ 'ಸರಿ ಮಿಸ್' ನಮಗೆಲ್ಲ ಗೊತ್ತಿರುವಂಥದು, ಬಾಗಿಲು ಹಾಕಿಕೊಂಡ ಸದ್ದು. ಅದನ್ನು ಮತ್ತೆ ತೆರೆಯಲು ಹತ್ತು ನಿಮಿಷ ಹಿಡಿಯಿತು. ಮಾತು ನಿಲ್ಲಿಸಿ ಸುಮ್ಮನೆ ದಾರಗಳ ಗಂಟು ಬಿಚ್ಚುತ್ತಾ ಕೂತೆ. ಆಮೇಲೆ, 'ಮರ ಹತ್ತೋದು ಅಂದ್ರೆ ನಿನಗೆ ಹೇಗನ್ನಿಸುತ್ತೆ?' ಎಂದಷ್ಟೇ ಕೇಳಿದೆ.

ಆಗ ಬಂತು. ರಾತ್ರಿ ಕಣ್ಣು ಮುಚ್ಚಿದರೆ ಬೀಳುವ ಕನಸು. ಅಪ್ಪ ಬಿದ್ದ ದಿನ 'ಕಾಯಿ ಆಯೋಕೆ ಬಾ' ಎಂದು ಕರೆದಿದ್ದ, ಇವನು ಶಾಲೆಯಲ್ಲಿ ಟೆಸ್ಟ್ ಇದೆ ಎಂದು ಬಂದುಬಿಟ್ಟಿದ್ದ. ತಾನಿದ್ದಿದ್ದರೆ ಏನೋ ಆಗುತ್ತಿತ್ತು ಅಥವಾ ಆಗುತ್ತಿರಲಿಲ್ಲ. ಕೊನೆಗೆ ಕೇಳಿದ: 'ಮಿಸ್, ಎರಡು ಸೆಕೆಂಡಲ್ಲಿ ಅಪ್ಪಂಗೆ ಗೊತ್ತಾಗಿರುತ್ತಾ?'

ನಾಲ್ಕು ವಾರದ ಹಿಂದೆ ಅವನು ಕೇಳಿದ್ದು ಈ ಪ್ರಶ್ನೆಯನ್ನೇ. ನಾನು ಚಪ್ಪಾಳೆ ತಟ್ಟಿಸಿದ್ದೆ.

'ನನಗೆ ಗೊತ್ತಿಲ್ಲ ಕಣೋ' ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ. ಅವನು ಅತ್ತ. ನಾನು ಎದ್ದು ನೀರು ತಂದುಕೊಟ್ಟೆ.

ನನ್ನ ಕೈಯಿಂದ ದಾಟಿಸಿದ್ದು

ನಾನು ಹೆದರಿದ್ದ ಅಪಾಯ ಅಲ್ಲಿರಲಿಲ್ಲ. ಬೇರೆ ಅಪಾಯ ಇತ್ತು. ರಾತ್ರಿ ನಿದ್ದೆಯಿಲ್ಲದ, ಬೀಳುವ ಕನಸು ಕಾಣುವ ಹದಿನಾಲ್ಕರ ಹುಡುಗ ಇನ್ನು ಒಂದು ವಾರಕ್ಕೆ ಮರದ ಮೇಲಿರುತ್ತಿದ್ದ. ಅವನಿಗೆ ತಿಳಿಸಿಯೇ ಅದೇ ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿದೆ. ಅವರು 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ ಏನು ಮಾಡಬೇಕೆಂದು ಕೇಳಿದರು. ಬುಧವಾರ ತಾಯಿ ಬಂದರು. ಮಗ ಶಾಲೆ ಬಿಡುವ ಯೋಚನೆಯಲ್ಲಿದ್ದಾನೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅದು ಚಿಕ್ಕಪ್ಪ ಮತ್ತು ಹುಡುಗನ ನಡುವಿನ ಮಾತಾಗಿತ್ತು.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ಎಂಬ ವಿಮೆ ಇದೆ. ಮುಂಚೆ ಹೆಸರು ನೋಂದಾಯಿಸಿರಬೇಕು, ರವಿಯ ತಂದೆ ನೋಂದಾಯಿಸಿರಲಿಲ್ಲ. ಆದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಗಂಡನನ್ನು ಕಳೆದುಕೊಂಡ ತಾಯಂದಿರ ಮಕ್ಕಳಿಗೆ, ಆದಾಯದ ಮಿತಿಗೆ ಒಳಪಟ್ಟು, ತಿಂಗಳಿಗೆ 4000 ರೂಪಾಯಿ ನೆರವು ಸಿಗಲು ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ಮುಖ್ಯೋಪಾಧ್ಯಾಯಿನಿಯವರು ಅಂದೇ ಪಡಿತರ ಚೀಟಿ, ಮರಣ ಪ್ರಮಾಣಪತ್ರ ತರಲು ಹೇಳಿದರು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಕಾರ್ಯಕ್ರಮದಡಿ ನಡೆಯುವ ಮನೋವೈದ್ಯರ ತಪಾಸಣೆಗೆ ಹುಡುಗನನ್ನು ಕರೆದೊಯ್ಯಲು ತಾಯಿ ಒಪ್ಪಿದರು. ನನ್ನ ಪಠ್ಯದಲ್ಲಿ ಇದಕ್ಕೆಲ್ಲ 'ಮಾರ್ಗದರ್ಶನ' ಮತ್ತು 'ನಿರ್ದೇಶಿಸಿ ಕಳುಹಿಸುವುದು' ಎಂಬ ಬೇರೆ ಬೇರೆ ಅಧ್ಯಾಯಗಳಿವೆ. ಅವತ್ತು ಆ ಅಧ್ಯಾಯಗಳೆಲ್ಲ ಒಂದೇ ಟೇಬಲ್ಲಿನ ಮೇಲಿದ್ದವು. ಸಾಲದ ಮಾತಿಗೆ ದಾರಿ ಕಾಣದೆ ಕನಸಿನ ಮಾತು ಮುಂದೆ ಹೋಗುತ್ತಿರಲಿಲ್ಲ.

ಬುಧವಾರದ ನನ್ನ ವಿಮರ್ಶಾ ಪಾಠ ಸಾಧಾರಣವಾಗಿತ್ತು. ಚಾರ್ಟಿನ ಬಗ್ಗೆ ಮೇಲ್ವಿಚಾರಕರು ಮೆಚ್ಚುಗೆ ಬರೆದಿದ್ದಾರೆ.

ಒಂದು ವಿಷಯದಲ್ಲಿ ಗೊಂದಲ ಬೇಡವೆಂದು ಇಲ್ಲಿಯೇ ಸೇರಿಸುತ್ತೇನೆ. ಕಾಯುವುದು, ಗಮನಿಸುವುದು, ಬರೆದಿಡುವುದು ಎಂದು ನಾನು ಹೇಳಿದ್ದೆಲ್ಲ ಒಂದು ಬಗೆಯ ಪ್ರಕರಣಗಳಿಗೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಅಥವಾ ನಡೆಯಬಹುದೆಂಬ ಆತಂಕ ಬಂದರೆ ನಮೂದುಗಳನ್ನು ಎಣಿಸುತ್ತ ಕೂರುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ, ತಿಳಿಸದಿದ್ದರೆ ಶಿಕ್ಷೆಯೂ ಇದೆ. ಪ್ರಶಿಕ್ಷಣಾರ್ಥಿ ಎಂಬುದಕ್ಕೆ ಅದರಲ್ಲಿ ವಿನಾಯಿತಿ ಇಲ್ಲ. ಬಾಲ್ಯವಿವಾಹ, ಹೊಡೆತ, ಮನೆಯಿಂದ ಓಡಿಹೋಗುವ ಮಾತು ಇವುಗಳಿಗೆ 1098 ಇದೆ. ಸಾಯುವ ಮಾತನ್ನು ಮಗು ತಮಾಷೆಗೆ ಆಡಿದರೂ ಅಂದೇ ಕೇಳಬೇಕು, ಅಂದೇ ಹಿರಿಯರಿಗೆ ಹೇಳಬೇಕು. ಇಂಥವುಗಳಲ್ಲಿ ನಮ್ಮ ಕೆಲಸ ಮಗುವನ್ನು ಒಂಟಿಯಾಗಿ ಬಿಡದೆ ದಾಟಿಸುವುದಷ್ಟೆ.

ಮುಗಿಯುವ ದಿನದ ಲೆಕ್ಕ

ನಮ್ಮಂಥವರಿಗೆ ಮಾತ್ರ ಇರುವ ಒಂದು ತೊಡಕಿದೆ. ನಾವು 16 ವಾರಕ್ಕೆ ಹೊರಡುತ್ತೇವೆ. ಹದಿನಾಲ್ಕನೇ ವಾರದಲ್ಲಿ ಒಂದು ಮಗುವಿನ ಮನಸ್ಸು ತೆರೆಸಿ ಹದಿನಾರನೇ ವಾರದಲ್ಲಿ ಬೀಳ್ಕೊಡುಗೆ ಸಮಾರಂಭಕ್ಕೆ ಸೀರೆ ಉಟ್ಟುಕೊಂಡು ಹೋಗಿಬಿಟ್ಟರೆ, ಆ ಮಗುವಿಗೆ ಇನ್ನೊಬ್ಬರನ್ನು ಕಳೆದುಕೊಂಡಂತೆ. ರವಿಯ ಜೊತೆಗಿನ ಎರಡನೇ ಮಾತುಕತೆಯಲ್ಲೇ ನಾನು ಹೋಗುವ ತಾರೀಖನ್ನು ಹೇಳಿದೆ. ಮೂರನೆಯದರಿಂದ ಸರ್ ಜೊತೆಗಿದ್ದರು. ಐದನೆಯದರಲ್ಲಿ ಅವರೇ ಮಾತಾಡಿದರು, ನಾನು ಗುಂಡು ಎಣಿಸಿದೆ. ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಕೋರಿಕೆ. ಕೊನೆಯ ಮೂರು-ನಾಲ್ಕು ವಾರಗಳಲ್ಲಿ ಯಾವ ಮಗುವಾದರೂ ನಿಮ್ಮ ಬಾಗಿಲಿಗೆ ಬಂದರೆ ಖಂಡಿತ ಕೇಳಿಸಿಕೊಳ್ಳಿ, ಆದರೆ ಮೊದಲ ದಿನದಿಂದಲೇ ಶಾಲೆಯ ಶಿಕ್ಷಕರೊಬ್ಬರು ಜೊತೆಗಿರುವಂತೆ ನೋಡಿಕೊಳ್ಳಿ. ವ್ಯಕ್ತಿ ಅಧ್ಯಯನದ ಪುಟ ತುಂಬಬೇಕಾಗಿದೆ ಎಂದು ಮಾತ್ರ ಯಾರನ್ನೂ ಕರೆಯಬೇಡಿ. ಉಪನ್ಯಾಸಕರಲ್ಲೂ ಒಂದು ವಿನಂತಿ: ಬೀರು ತೆಗೆದು ಸಂಚಿತ ದಾಖಲೆ ಓದುವುದನ್ನು ಮೊದಲ ವಾರದ ಚಟುವಟಿಕೆಯಾಗಿ ಸೇರಿಸಿದರೆ, ನನ್ನಂಥವರು ಬೋರ್ಡಿನ ಮೇಲೆ ಮರ ಬರೆಯುವ ಮುಂಚೆ ಒಂದು ಸಲ ಯೋಚಿಸುತ್ತಾರೆ.

ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ಎರಡು ದಿನ ರವಿ ಬರಲಿಲ್ಲ. ಮೂರನೇ ದಿನ ಬಂದ. ತಾಯಿಯೇ ಗೇಟಿನವರೆಗೆ ಬಂದು ಬಿಟ್ಟು ಹೋದರು. ಅಂಗೈಯಲ್ಲಿ ಮಟ್ಟೆ ಸುಲಿದ ಗುರುತುಗಳಿದ್ದವು. ಮರ ಹತ್ತಿಲ್ಲ, ಕೆಳಗೆ ಕಾಯಿ ಸುಲಿದೆ ಅಷ್ಟೇ ಎಂದ. ನಾನು ಹೊರಡುವವರೆಗೆ ಪ್ರಾಯೋಜಕತ್ವದ ಅರ್ಜಿಗೆ ಉತ್ತರ ಬಂದಿರಲಿಲ್ಲ. ಆಸ್ಪತ್ರೆಗೆ ಎರಡು ಮಂಗಳವಾರ ಹೋಗಿ ಬಂದಿದ್ದರು, ನಿದ್ದೆ ಸ್ವಲ್ಪ ಸುಧಾರಿಸಿತ್ತು, ತರಗತಿಯಲ್ಲಿ ಇನ್ನೂ ಆಗೀಗ ತೂಕಡಿಸುತ್ತಿದ್ದ. ಕಂಪಾಸ್ ಬಾಕ್ಸನ್ನು ಅವನು ವಾಪಸ್ ಕೇಳಲಿಲ್ಲ. ಪಕ್ಕದ ಹುಡುಗ ಅದನ್ನು ಬೆಂಚಿನ ನಡುವೆ ಇಟ್ಟುಬಿಟ್ಟಿದ್ದ, ಇಬ್ಬರೂ ಅದರಿಂದಲೇ ತೆಗೆದು ಬಳಸುತ್ತಿದ್ದರು.